ಗೌಡತಿ ಕಲ್ಲು ಓದಿದ್ದು

ನನ್ನ ತವರು ನರಗುಂದ, ಗಂಡನ ಮನೆ ಗಜೇಂದ್ರಗಡ, ಕೆಲಸ ರೋಣದ ಒಂದು ಪ್ರೌಢಶಾಲೆಯಲ್ಲಿ. ಹೀಗಾಗಿ ನನ್ನ ಆಯುಷ್ಯದ ದೊಡ್ಡ ಪಾಲು ಈ ಮೂರು ಊರುಗಳ ನಡುವಿನ ಬಸ್ಸಿನಲ್ಲಿ ಕಳೆದಿದೆ. ಕಿಟಕಿಯಾಚೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ಹಿಂಗಾರಿನಲ್ಲಿ ಕಡಲೆ, ಕುಸುಬೆ, ಬಿಳಿಜೋಳ. ಉಳಿದ ದಿನಗಳಲ್ಲಿ ಬಿರುಕು ಬಿಟ್ಟ ಕಪ್ಪು ನೆಲ. ಮಕ್ಕಳಿಗೆ ಇಪ್ಪತ್ತು ವರ್ಷ ಇತಿಹಾಸ ಹೇಳಿಕೊಟ್ಟರೂ ಆ ಹೊಲಗಳಲ್ಲಿ ಇತಿಹಾಸ ಬಿದ್ದಿದೆ ಎಂದು ನನಗೆ ಹೊಳೆದಿರಲಿಲ್ಲ. ಅದು ಪುಸ್ತಕದಲ್ಲಿ ಇರುವಂಥದು, ಪರೀಕ್ಷೆ ಮುಗಿದ ಮೇಲೆ ಮುಚ್ಚಿಡುವಂಥದು ಎಂದೇ ತಿಳಿದಿದ್ದೆ.

ಅದನ್ನು ಮೊದಲು ಕೆದಕಿದವರು ನಮ್ಮ ಅತ್ತೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವರು. ಒಂದು ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದರು. ನಾನು ಪಕ್ಕದಲ್ಲಿ ಮರುದಿನದ ಪಾಠದ ತಯಾರಿಯಲ್ಲಿದ್ದೆ, ಚಾಲುಕ್ಯರ ಅಧ್ಯಾಯ. ಬಾಯಲ್ಲೇ ರಾಜರ ಹೆಸರು ಹೇಳಿಕೊಳ್ಳುತ್ತಿದ್ದೆನೆಂದು ಕಾಣುತ್ತದೆ.

"ಅಲ್ಲವಾ," ಅಂದರು ಅತ್ತೆ, "ಅವಾಗಿಂದ ಕೇಳಾಕತ್ತೀನಿ, ಬರೇ ಗಂಡಸರ ಹೆಸರಽ ಹೇಳಾಕತ್ತಿ. ಆವಾಗ ಹೆಣ್ಮಕ್ಕಳು ಇದ್ದಿಲ್ಲೇನು?"

"ಇದ್ರುರಿ ಅತ್ತಿ."

"ಏನ್ ಮಾಡ್ತಿದ್ರು?"

ನಾನು ಸ್ವಲ್ಪ ಯೋಚಿಸಿ, ಅಡಿಗೆ ಮನೆಗೆಲಸ ಮಾಡಿಕೊಂಡಿರುತ್ತಿದ್ದರು ಅಂದೆ. ಅತ್ತೆ ಕೈಯಲ್ಲಿದ್ದ ಶೇಂಗಾ ಸಿಪ್ಪೆಯನ್ನು ಮೊರಕ್ಕೆ ಹಾಕಿ, "ಅಷ್ಟು ಹೇಳಾಕ ಸಾಲಿ ಯಾಕ ಬೇಕು, ನನಗೂ ಗೊತ್ತೈತಿ" ಅಂದರು. ಸಿಟ್ಟಿನಿಂದೇನಲ್ಲ. ಆದರೂ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಎಷ್ಟು ಹುಡುಗಿಯರಿಗೆ ಇದೇ ಉತ್ತರ ಕೊಟ್ಟಿದ್ದೇನೋ.

ಆ ಬೇಸಿಗೆಯಲ್ಲಿ ತವರಿಗೆ ಹೋದಾಗ, ಗುಡ್ಡದ ಕೆಳಗಿನ ಓಣಿಯಲ್ಲಿ ನಿವೃತ್ತ ಕನ್ನಡ ಮಾಸ್ತರರೊಬ್ಬರು ತಮ್ಮ ಮನೆಯಲ್ಲೇ ಶಾಸನ ಓದುವುದನ್ನು ಕಲಿಸುತ್ತಾರೆಂದು ತಿಳಿಯಿತು. ಹೋಗಿ ಸೇರಿಕೊಂಡೆ. ಆರು ಜನ ಇದ್ದೆವು, ಹೆಂಗಸು ನಾನೊಬ್ಬಳೇ. ಗುರುಗಳು ಹಳೆಯ ಅಕ್ಷರಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಈಗಿನ 'ಮ' ಆಗ ಹೇಗಿತ್ತು, ಈಗ ನಾವು ಬಿಟ್ಟೇಬಿಟ್ಟಿರುವ ಎರಡು ಅಕ್ಷರಗಳು ಯಾವುವು, ಸೊನ್ನೆ ಎಲ್ಲಿ ಕೂರುತ್ತಿತ್ತು. ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತೊಂದಿತ್ತು. "ಕಾಣದ ಅಕ್ಷರ ಕಾಣಲಿಲ್ಲ ಅಂತ ಬರೀರಿ. ನಿಮ್ಮ ಮನಸಿನಿಂದ ತುಂಬಬ್ಯಾಡ್ರಿ."

ಹದಿನೈದು ದಿನವಾದ ಮೇಲೆ ನಮ್ಮನ್ನು ಸೂಡಿಗೆ ಕರೆದುಕೊಂಡು ಹೋದರು. ಗಜೇಂದ್ರಗಡದ ಸೊಸೆಯಾಗಿ ಅಷ್ಟು ವರ್ಷವಾದರೂ ನಾನು ಸೂಡಿಯಲ್ಲಿ ಬಸ್ಸಿಳಿದದ್ದು ಅದೇ ಮೊದಲು. ಗುಡಿಯ ಹತ್ತಿರ ನಿಂತು ಗುರುಗಳು ನಿಧಾನವಾಗಿ ಹೇಳಿದರು: ಈ ನಾಡನ್ನು ಚಾಲುಕ್ಯ ಅರಸನ ಒಡಹುಟ್ಟಿದವಳೊಬ್ಬಳು ಆಳಿದ್ದಳು. ಆಕೆ ಅರಸನ ಹೆಸರಿನಲ್ಲಿ ಸುಮ್ಮನೆ ಕೂತವಳಲ್ಲ. ತೆರಿಗೆಯ ಲೆಕ್ಕ, ಊರಿನ ವ್ಯವಸ್ಥೆ, ದಾನದತ್ತಿ ಎಲ್ಲ ಆಕೆಯ ಕೈಯಲ್ಲಿದ್ದವು. ದಂಡು ಕಟ್ಟಿಕೊಂಡು ಹೋಗಿ ಕೋಟೆಗೆ ಮುತ್ತಿಗೆಯನ್ನೂ ಹಾಕಿದ್ದಳು.

ನಾನು ಸುತ್ತ ನೋಡಿದೆ. ಎರಡು ಬೈಕು ನಿಂತಿದ್ದವು. ಒಬ್ಬಾಕೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದಳು. ಇದೇ ನೆಲ, ಇದೇ ದಾರಿ. ಮೈಮೇಲಿನ ಕೂದಲು ಎದ್ದು ನಿಂತವು. ಅವತ್ತು ಸೂಡಿಯಿಂದ ನೇರವಾಗಿ ಗಜೇಂದ್ರಗಡದ ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಅದರ ಅರಿವೂ ನನಗಿರಲಿಲ್ಲ.

ಮನೆಗೆ ಬಂದವಳೇ ಅತ್ತೆಗೆ ಎಲ್ಲ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು. ಕೊನೆಗೆ, "ಹಂಗಾರ ನಮ್ಮ ಗೌಡತಿ ಕಲ್ಲಿನ್ಯಾಗೂ ಏನರ ಬರದಿರಬೇಕು" ಅಂದರು.

ಅತ್ತೆಯ ತವರು ಸೂಡಿಯಿಂದ ಒಳಗೆ ಹೋಗಬೇಕಾದ ಒಂದು ಸಣ್ಣ ಊರು. ಮುಂದೆ ಹೇಳಬೇಕಾದ್ದು ಮನೆಯ ಮಾತು, ಹೀಗಾಗಿ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಅವರ ತಮ್ಮನ ಹೊಲದ ಒಡ್ಡಿನಲ್ಲಿ, ಬೇವಿನ ಗಿಡದ ಕೆಳಗೆ, ಎದೆಮಟ್ಟದ ಒಂದು ಕಲ್ಲು ನಿಂತಿದೆಯಂತೆ. ಊರಿಗೆ ಬಂದ ಹೊಸ ಮದುಮಗಳನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ ಉಡಿ ತುಂಬಿಸುತ್ತಾರಂತೆ. ಗಂಡಸರು ಅದಕ್ಕೆ ಗಡಿಕಲ್ಲು ಅನ್ನುತ್ತಾರೆ. ಹೆಂಗಸರಿಗೆ ಮಾತ್ರ ಅದು ಗೌಡತಿ ಕಲ್ಲು.

"ಗೌಡತಿ ಅಂತ ಯಾಕ ಅಂತೀರಿ?" ಅಂದೆ.

"ನಮ್ಮವ್ವ ಅಂತಿದ್ಲು. ಆಕಿ ಅತ್ತಿನೂ ಅಂತಿದ್ಲಂತ."

ಮುಂದಿನ ರಜೆಯಲ್ಲಿ ಇಬ್ಬರೂ ಹೋದೆವು. ಅತ್ತೆಯ ತಮ್ಮ, ನನಗೆ ಮಾವನಾಗಬೇಕಾದವರು, ಕಟ್ಟುಮಸ್ತಾದ ಆಳು. ನಗುನಗುತ್ತ ಮಾತಾಡುವವರು. "ಬರ್ರಿ ಅಕ್ಕೋರ, ಕಲ್ಲಿಗೂ ಪರೀಕ್ಷಾ ಇಟ್ಟೀರೇನು?" ಎಂದು ಟೀಚರಾದ ನನ್ನನ್ನು ಚೇಷ್ಟೆ ಮಾಡಿದರು. ಕಲ್ಲಿರುವಲ್ಲೇ ಕೃಷಿಹೊಂಡ ತೋಡಿಸುವ ಯೋಚನೆ ಅವರಿಗಿತ್ತು. ಜೆಸಿಬಿ ಬಂದಾಗ ಕಲ್ಲನ್ನು ಕಿತ್ತು ಪಕ್ಕಕ್ಕೆ ಹಾಕಿಸುವುದೆಂದು ಆಗಲೇ ತೀರ್ಮಾನಿಸಿದ್ದರು.

ಕಲ್ಲು ನೋಡಿ ನನಗೆ ನಿರಾಸೆಯಾಯಿತು. ಅಕ್ಷರವೇ ಕಾಣುತ್ತಿರಲಿಲ್ಲ. ತಲೆತಲಾಂತರದಿಂದ ಹಚ್ಚಿದ ಎಣ್ಣೆ, ಅರಿಶಿನ, ಕುಂಕುಮ ಗಟ್ಟಿಯಾಗಿ ಕಪ್ಪು ತೊಗಟೆಯಂತೆ ಮೆತ್ತಿಕೊಂಡಿತ್ತು. ಅದನ್ನು ಕೆರೆದು ತೆಗೆಯಬೇಕು ಅಂದಾಗ ಸೇರಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅತ್ತೆ ಹತ್ತು ಹೆಜ್ಜೆ ದೂರದಲ್ಲಿ ನಿಂತಲ್ಲಿಂದಲೇ ಹೇಳಿದರು: "ಕೆರೆಯೋದು ಬ್ಯಾಡ. ನೀರು ಎರೀರಿ. ಗೌಡತಿ ಮೈ ತೊಳಕೊಂಡು ಎಷ್ಟು ದಿನ ಆತೋ ಏನೋ."

ದೂರ ನಿಂತದ್ದು ಯಾಕೆಂದರೆ ಅತ್ತೆಯ ಗಂಡ, ನಮ್ಮ ಮಾವನವರು, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅತ್ತೆ ಯಾರ ಉಡಿ ತುಂಬಿದವರಲ್ಲ, ಮದುವೆಯ ಚಪ್ಪರದಲ್ಲಿ ಮುಂದೆ ಬಂದವರಲ್ಲ. ಯಾರೂ ಬೇಡ ಅಂದಿರಲಿಲ್ಲ, ಬಾ ಅಂತಲೂ ಕರೆದಿರಲಿಲ್ಲ. ಗೌಡತಿ ಕಲ್ಲನ್ನು ಮುಟ್ಟುವುದು ಮುತ್ತೈದೆಯರ ಕೆಲಸ.

ಮಾವನ ಸೊಸೆ ಹತ್ತಿಕಟ್ಟಿಗೆಯ ಉರಿ ಮಾಡಿ ಒಡ್ಡಿನ ಮೇಲೇ ನೀರು ಕಾಸಿದಳು. ಸೀಗೆಕಾಯಿ ಪುಡಿ ಹಾಕಿ ತಿಕ್ಕಿದರು. ಒಬ್ಬಳು ನೀರು ಹೊಯ್ಯುವಳು, ಇಬ್ಬರು ಉಜ್ಜುವರು. ಮದುಮಗಳಿಗೆ ಎರೆದಂತೆಯೇ ನಗು, ಮಾತು. ಕಪ್ಪು ನೀರು, ಆಮೇಲೆ ಕೆಂಪು ನೀರು, ಕೊನೆಗೆ ತಿಳಿನೀರು ಹರಿಯಿತು. ಬಿಸಿಲಿಗೆ ಕಲ್ಲು ಒಣಗಿದ ಮೇಲೆ ನಾನು ಹಿಡಿ ಜೋಳದ ಹಿಟ್ಟು ತೆಗೆದುಕೊಂಡು ಮೆಲ್ಲಗೆ ಸವರಿದೆ.

ಅಕ್ಷರಗಳು ಎದ್ದವು.

ಆ ಗಳಿಗೆಯನ್ನು ಹೇಗೆ ಹೇಳಲಿ? ಖಾಲಿ ಕಲ್ಲಿನಲ್ಲಿ ಬಿಳಿ ಸಾಲುಗಳು ಒಂದೊಂದಾಗಿ ಮೂಡಿದವು. ಮೇಲೆ ಸೂರ್ಯ, ಚಂದ್ರ. ಕೆಳಗೆ ಕರುವಿಗೆ ಹಾಲೂಡುವ ಆಕಳು. ಅದರ ಕೆಳಗೆ ಹನ್ನೆರಡು ಸಾಲು. ಮೊದಲ ಸಾಲುಗಳು ಅರಸನ ಹೊಗಳಿಕೆ, ಬಹಳ ಸವೆದಿದ್ದವು. ಐದನೆಯ ಸಾಲಿನಲ್ಲಿ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದೆ. ಗಾ. ವು. ಸೊನ್ನೆ. ಡಿ.

ಗಾವುಂಡಿ.

ಗಾವುಂಡ ಅಂದರೆ ಊರ ಗೌಡ. ಗಾವುಂಡಿ ಅಂದರೆ ಗೌಡತಿ.

"ಏನಂತವಾ?" ಅಂದರು ಅತ್ತೆ ದೂರದಿಂದ.

"ಗೌಡತಿರಿ ಅತ್ತಿ. ಗೌಡತಿ ಅಂತನ ಬರದಾರ."

ಮಾವನ ನಗು ನಿಂತಿತು. "ಖರೇನ?" ಅಂದರು. ಹತ್ತಿರ ಬಂದು ಓದಲು ಬಾರದ ಆ ಅಕ್ಷರಗಳನ್ನು ಬಗ್ಗಿ ನೋಡಿದರು.

ಹೆಚ್ಚುಕಡಿಮೆ ಸಾವಿರ ವರ್ಷ. ಈ ಊರಿನಲ್ಲಿ ಆ ಅಕ್ಷರ ಓದಬಲ್ಲವರು ಸತ್ತು ಎಷ್ಟೋ ತಲೆಮಾರುಗಳಾಗಿದ್ದವು. ಅರಸರು ಬದಲಾದರು, ಲಿಪಿ ಬದಲಾಯಿತು. ಗಂಡಸರು ಅದನ್ನು ಗಡಿಕಲ್ಲೆಂದುಕೊಂಡು ಗೌಡತಿಯನ್ನು ಮರೆತರು. ಆದರೆ ಅತ್ತೆಯಿಂದ ಸೊಸೆಗೆ, ಅವ್ವನಿಂದ ಮಗಳಿಗೆ, ಬಾಯಿಂದ ಬಾಯಿಗೆ ಆ ಒಂದು ಪದ ಬಂದಿತ್ತು. ಒಂದಕ್ಷರ ಓದು ಬಾರದ ಹೆಂಗಸರು ಅದನ್ನು ಕಾಪಾಡಿಕೊಂಡು ಬಂದಿದ್ದರು. ನಾನು, ಎರಡು ಡಿಗ್ರಿ ಓದಿದವಳು, ಅವರ ನಡುವೆ ಹಿಟ್ಟಿನ ಕೈ ಹಿಡಿದು ನಿಂತಿದ್ದೆ.

ಗಾವುಂಡಿಯ ಹೆಸರು ಮಾತ್ರ ಸಿಗಲಿಲ್ಲ. ಹೆಸರಿರಬೇಕಾದ ಜಾಗ ಅಂಗೈಯಗಲ ಸವೆದು ತಗ್ಗಾಗಿ ನುಣುಪಾಗಿತ್ತು. ನೋಡಿದರೆ ಅದು ಸರಿಯಾಗಿ ಹೆಂಗಸರ ಕೈಗೆ ನಿಲುಕುವ ಎತ್ತರ. ಕುಂಕುಮ ಹಚ್ಚುವ ಜಾಗ.

"ನಾವಽ ಮುಟ್ಟಿ ಮುಟ್ಟಿ ಸವಿಸೀವೇನು?" ಅಂದಳು ಮಾವನ ಸೊಸೆ, ತಪ್ಪು ಮಾಡಿದವಳಂತೆ.

ಉಳಿದದ್ದನ್ನು ಸಂಜೆಯವರೆಗೆ ಕೂತು ಓದಿದೆ. ಕಳ್ಳರು ಊರ ದನಗಳನ್ನು ಹೊಡೆದುಕೊಂಡು ಹೋದದ್ದು, ಕಾಳಗವಾದದ್ದು, ದನಗಳು ಮರಳಿ ಬಂದದ್ದು, ಆಮೇಲೆ ಗಾವುಂಡಿ ಈ ಹೊಲವನ್ನು ಊರ ಕೆರೆಯ ದುರಸ್ತಿಗೆಂದು ಬಿಟ್ಟುಕೊಟ್ಟದ್ದು. ನಡುವೆ 'ಗಂಡ' ಎಂಬ ಪದ ಕಂಡಿತು. ಮುಂದಿನ ಅಕ್ಷರಗಳು ಸವೆದಿದ್ದವು. ನಾನು ಕತೆ ಹೆಣೆದೆ: ದನಗಳ್ಳರ ಜೊತೆ ಹೋರಾಡಿ ಗಂಡ ತೀರಿಕೊಂಡಿದ್ದಾನೆ, ಅವನ ನೆನಪಿಗೆ ಹೆಂಡತಿ ಹೊಲ ದಾನ ಕೊಟ್ಟಿದ್ದಾಳೆ. ಹೆಂಗಸರು ಚ್ ಚ್ ಅಂದರು. ಒಬ್ಬಳು ಕಣ್ಣೊರೆಸಿಕೊಂಡಳು.

ಅತ್ತೆ ಮಾತ್ರ ಒಪ್ಪಲಿಲ್ಲ. ಬಸ್ಸಿಗೆ ನಡೆದು ಬರುವಾಗ, "ಎಲ್ಲೋ ತಪ್ಪೈತಿ ನೋಡು" ಅಂದರು.

"ಯಾಕ್ರಿ?"

"ಗಂಡ ಸತ್ತಾಕಿ ಮುಂದ ಹೊಸಾ ಮದಿಮಗಳನ್ನ ಯಾರರ ತಂದು ನಿಂದ್ರಸ್ತಾರೇನು? ಈ ಮಂದಿ ನನ್ನನ್ನಽ ಹತ್ತು ಮಾರು ದೂರ ನಿಂದ್ರಸ್ತಾರ. ಆಕಿನ್ನ ಪೂಜಿ ಮಾಡ್ಯಾರ ಅಂದ್ರ ಅದು ಬ್ಯಾರೇನ ಐತಿ."

ಗುರುಗಳಿಗೆ ಫೋನ್ ಮಾಡಿದೆ. ಅವರು ಮುಂದಿನ ಭಾನುವಾರ ನಸುಕಿನ ಬಸ್ಸಿಗೇ ಹೊರಟು ಬಂದರು, ಹೆಗಲಿಗೆ ಚೀಲ, ಅದರಲ್ಲಿ ಕಾಗದ, ಬ್ರಷ್ಷು, ಮಸಿ. ಎಪ್ಪತ್ತು ದಾಟಿದ ಮನುಷ್ಯ ಎರೆಹೊಲದ ಹೆಂಟೆಗಳ ಮೇಲೆ ಚುರುಕಾಗಿ ನಡೆದರು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ತಗ್ಗುಗಳಿಗೆ ಕೂರಿಸಿ, ಮೇಲೆ ಮಸಿ ಒತ್ತಿದರು. ಕಾಗದ ಕಪ್ಪಾಯಿತು, ಅಕ್ಷರ ಬೆಳ್ಳಗೆ ಉಳಿದವು. ಅದನ್ನು ಬಿಡಿಸಿ ಬೇವಿನ ನೆರಳಲ್ಲಿ ಹಾಸಿ, ಬಹಳ ಹೊತ್ತು ಓದಿದರು. ನಾವೆಲ್ಲ ಸುತ್ತ ಕೂತಿದ್ದೆವು. ಅತ್ತೆ ತುಸು ಆಚೆ.

ಕೊನೆಗೆ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ತಂಗಿ, ನೀವು ಇಲ್ಲದ ಗಂಡನ್ನ ತಂದು ಕೂಡ್ಸೀರಿ."

"ಗಂಡ ಅಂತ ಐತೆಲ್ರಿ ಸರ್?"

"ಇಲ್ಲಿ ಕೆಳಗ ಕೊಂಬು ಐತಿ ನೋಡ್ರಿ. ಇದು ಗಂಡ ಅಲ್ಲ, ಗಂಡು. ಹಳಗನ್ನಡದಾಗ ಗಂಡು ಅಂದ್ರ ಪರಾಕ್ರಮ, ಎದಿಗಾರಿಕಿ. ಯಾರ ಪರಾಕ್ರಮ? ಗಾವುಂಡಿದು. ಊರು ಆಳಾಕತ್ತಿದಾಕಿ ಆಕಿನ. ದನಾ ಬೆನ್ನತ್ತಿ ಹೋದಾಕಿ ಆಕಿನ. ತಿರುಗಿ ತಂದಾಕಿನೂ ಆಕಿನ. ತಂದ ಮ್ಯಾಲೆ ಹೊಲಾ ಬಿಟ್ಟಾಳ."

ನನ್ನ ಕಿವಿ ಬಿಸಿಯಾದವು. ಕಾಣದ ಅಕ್ಷರವನ್ನು ಮನಸ್ಸಿನಿಂದ ತುಂಬಿದ್ದೆ. ನನ್ನ ಮನಸ್ಸಿನಲ್ಲಿ ತುಂಬಲು ಸಿಕ್ಕಿದ್ದು ಒಬ್ಬ ಗಂಡ ಮತ್ತು ಅಳುವ ಒಬ್ಬ ಹೆಂಡತಿ. ಕಲ್ಲಿನ ಮೇಲೆ ಒಬ್ಬ ಹೆಂಗಸು ದನಗಳ್ಳರ ಬೆನ್ನಟ್ಟಿ ಹೋಗುತ್ತಿದ್ದಳು, ನಾನು ಅವಳನ್ನು ಮನೆಯಲ್ಲಿ ಕೂರಿಸಿಬಿಟ್ಟಿದ್ದೆ.

ಗುರುಗಳು ಅಲ್ಲಿಗೇ ಬಿಡಲಿಲ್ಲ. "ಇದನ್ನ ನೋಡಿ ಆಗಿನ ಹೆಣ್ಮಕ್ಕಳೆಲ್ಲ ಹಿಂಗಽ ಇದ್ರು ಅಂತ ತಿಳೀಬ್ಯಾಡ್ರಿ" ಅಂದರು. "ಬಳಿ ತೊಟ್ಟ ಕೈ ಕೆತ್ತಿದ ಕಲ್ಲೂ ಈ ಸೀಮಿಯೊಳಗ ಅದಾವ. ಗಂಡನ ಜೊತಿ ಬೆಂಕಿಗೆ ಹೋದಾವರು. ಇನ್ನ ಬೀಸಿದಾವರು, ನೀರು ಹೊತ್ತಾವರು, ಕಳೆ ತಗದಾವರು, ಅವರಿಗಂತೂ ಕಲ್ಲಽ ಇಲ್ಲ. ಆದ್ರ ಇಂಥಾಕಿನೂ ಒಬ್ಬಾಕಿ ಇದ್ಲು. ಇದು ಸುಳ್ಳಲ್ಲ."

ಆಗ ಅತ್ತೆ ಆಚೆಯಿಂದ ಕೇಳಿದರು. "ಸರಽ, ಆಕಿ ಗಂಡ ಇದ್ನೋ ಸತ್ತಿದ್ನೋ? ಆಕಿ ಮುತ್ತೈದಿನೋ ಅಲ್ಲೋ?"

ಗುರುಗಳು ಕಾಗದದ ಮೇಲೆ ಮತ್ತೆ ಬೆರಳಾಡಿಸಿದರು. "ಅದರ ಸುದ್ದಿನಽ ಎತ್ತಿಲ್ಲ ತಾಯಿ. ಲಗ್ನ ಆಗಿತ್ತೋ ಇಲ್ಲೋ ಅಂತಾನೂ ಬರದಿಲ್ಲ."

"ಬರದಿಲ್ಲ," ಅಂದರು ಅತ್ತೆ, ತಮ್ಮಷ್ಟಕ್ಕೆ. ಎದ್ದರು. ಸೆರಗು ಸರಿಮಾಡಿಕೊಂಡರು. ಮಾವನ ಸೊಸೆಯ ಹತ್ತಿರ ಅರಿಶಿನ ಕುಂಕುಮದ ತಟ್ಟೆಯಿತ್ತು. ಅತ್ತೆ ಕೈ ಚಾಚಿದರು. ಆ ಹುಡುಗಿ ಒಂದು ಗಳಿಗೆ ತನ್ನ ಮಾವನ ಮುಖ ನೋಡಿ, ಆಮೇಲೆ ತಟ್ಟೆ ಕೊಟ್ಟುಬಿಟ್ಟಳು.

ಆ ಹತ್ತು ಹೆಜ್ಜೆಗಳನ್ನು ಅತ್ತೆ ನಿಧಾನವಾಗಿ ನಡೆದರು. ಹೆಂಗಸರು ದಾರಿ ಬಿಟ್ಟರು. ಸವೆದ ಆ ತಗ್ಗಿನಲ್ಲಿ, ಹೆಸರಿಲ್ಲದ ಜಾಗದಲ್ಲಿ, ಮೊದಲು ಅರಿಶಿನ ಹಚ್ಚಿದರು, ಆಮೇಲೆ ಕುಂಕುಮ. ಹನ್ನೊಂದು ವರ್ಷದ ಮೇಲೆ ಅವರ ಬೆರಳು ಕೆಂಪಾದದ್ದನ್ನು ನಾನು ಕಂಡೆ. ಅಂಗೈಯನ್ನು ಕಲ್ಲಿನ ಮೇಲಿಟ್ಟು ಹಾಗೇ ನಿಂತರು. ಮಾವ ತಲೆಯ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಂಥ ದೊಡ್ಡದೇನನ್ನೋ ನೋಡುತ್ತಿದ್ದೇನೆ ಎಂಬ ಭಾವ ನನಗೆ ಯಾವ ಗುಡಿಯಲ್ಲೂ ಬಂದಿರಲಿಲ್ಲ.

ಊಟಕ್ಕೆ ಮಾವನ ಮನೆಯಲ್ಲೇ ಕೂತೆವು. ರೊಟ್ಟಿ, ಬದನೆಕಾಯಿ ಎಣಗಾಯಿ, ಗಟ್ಟಿ ಮೊಸರು. ಬಡಿಸುತ್ತಿದ್ದವಳು ಅದೇ ಸೊಸೆ. ಅವಳು ಊರ ಪಂಚಾಯಿತಿಯ ಮೆಂಬರು ಎಂದು ನನಗೆ ಗೊತ್ತಿತ್ತು. ಅತ್ತೆ ತುತ್ತು ಮುರಿಯುತ್ತ ಕೇಳಿದರು:

"ಮೀಟಿಂಗಿಗೆ ಹೋಗ್ತಿಯೇನವಾ ನೀನು?"

"ಇಲ್ರಿ ಅತ್ತಿ. ಮಾವಾರು ಹೋಗ್ತಾರ. ಸಹಿ ಮಾಡೋದು ಇದ್ರ ಮನೀಗೆ ತರ್ತಾರ."

ಮಾವ ನಡುವೆ ಬಂದರು. "ಅಕ್ಕ, ಅಲ್ಲಿ ಬರೇ ಗಂಡಸರ ಗದ್ದಲ. ಇಕಿ ಹೋಗಿ ಏನ್ ಮಾಡ್ತಾಳ?"

ಅತ್ತೆ ದನಿ ಏರಿಸಲಿಲ್ಲ. "ಈಗ ಸರ್ ಓದಿದ್ದು ಕೇಳಿದಿಲ್ಲೋ ನೀ? ಕೆರಿ ಹೂಳು ತುಂಬಿ ಎಷ್ಟು ವರ್ಷ ಆತು? ಆಕಿ ಹೊಲಾ ಬಿಟ್ಟಿದ್ದು ಆ ಕೆರಿ ಸಲುವಾಗಿ. ಆ ಹೊಲ ನೀ ಉಣ್ಣಾಕತ್ತಿ. ಕೆರಿ ಮಾತು ಯಾರು ಎತ್ತಬೇಕು?"

ಮಾವ ತಟ್ಟೆ ನೋಡುತ್ತ ಕೂತರು. ಗುರುಗಳು ಮೊಸರು ಕಲಸುವುದರಲ್ಲಿ ಮಗ್ನರಾದವರಂತೆ ಇದ್ದರು. ಸೊಸೆ ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಕೊನೆಗೆ ಮಾವ, ಯಾರ ಮುಖವನ್ನೂ ನೋಡದೆ, "ಹೋಗಲಿ ಬಿಡು, ಈ ಸಲ ಇಕೀನ ಹೋಗಲಿ" ಅಂದರು.

ಕೃಷಿಹೊಂಡವನ್ನು ಹೊಲದ ಇನ್ನೊಂದು ಮೂಲೆಗೆ ತೋಡಿಸಿದರು. ಕಲ್ಲು ಇದ್ದಲ್ಲೇ ಇದೆ. ಬುಡ ಸಡಿಲಾಗದಂತೆ ಮಾವ ತಾವೇ ನಿಂತು ಸುತ್ತ ಕಟ್ಟೆ ಕಟ್ಟಿಸಿದ್ದಾರೆ. ಹೊಲ ನೋಡಲು ಬಂದವರಿಗೆಲ್ಲ ಅದನ್ನು ತೋರಿಸಿ ಗೌಡತಿಯ ಕತೆ ಹೇಳುತ್ತಾರೆ. ಅವರ ಬಾಯಲ್ಲಿ ದನಗಳ ಸಂಖ್ಯೆ ಸಲದಿಂದ ಸಲಕ್ಕೆ ಏರುತ್ತಿದೆ. ನಾನು ತಿದ್ದಲು ಹೋಗಿಲ್ಲ.

ಶಾಲೆಯಲ್ಲಿ ಚಾಲುಕ್ಯರ ಅಧ್ಯಾಯ ಬಂದಾಗ ಈಗ ನಾನು ಆ ಮಸಿ ಕಾಗದವನ್ನು ಗೋಡೆಗೆ ತೂಗುಹಾಕುತ್ತೇನೆ. ನಾನು ತಪ್ಪು ಓದಿದ್ದನ್ನೂ ಹೇಳುತ್ತೇನೆ. ಹುಡುಗಿಯರು ನಗುತ್ತಾರೆ, ಆಮೇಲೆ ಎದ್ದು ಬಂದು ಆ ಒಂದು ಕೊಂಬನ್ನು ಬೆರಳಿಟ್ಟು ಹುಡುಕುತ್ತಾರೆ.

ಪಂಚಾಯಿತಿ ಸಭೆಯಾದ ದಿನ ಸಂಜೆ ಮಾವನ ಸೊಸೆ ಫೋನ್ ಮಾಡಿದಳು. ನಾನು ಸ್ಪೀಕರ್ ಹಾಕಿ ಅತ್ತೆಯ ಹತ್ತಿರ ಹಿಡಿದೆ. ಅವಳು ಒಂದೇ ಉಸಿರಿಗೆ ಹೇಳಿದಳು: ಮೊದಲು ಕೂರಲು ಕುರ್ಚಿಯೇ ಇರಲಿಲ್ಲವಂತೆ, ತಾನೇ ಒಳಗಿನಿಂದ ಒಂದು ಎಳೆದುಕೊಂಡು ಬಂದು ಕೂತಳಂತೆ. ಕೆರೆಯ ಮಾತು ಎತ್ತಿದಾಗ ಇಬ್ಬರು ನಕ್ಕರಂತೆ. ಇವಳು ನಿಲ್ಲಿಸಲಿಲ್ಲವಂತೆ. ಕೊನೆಗೆ ಉದ್ಯೋಗ ಖಾತರಿ ಕೆಲಸದಲ್ಲಿ ಹೂಳು ತೆಗೆಸುವುದೆಂದು ಬರೆದುಕೊಂಡರಂತೆ.

"ಕೈ ಕಾಲು ನಡಗಾಕತ್ತಿದ್ವುರಿ ಅತ್ತಿ," ಅಂದಳು.

"ನಡಗಲಿ," ಅಂದರು ಅತ್ತೆ. ಫೋನಿಗೆ ಇನ್ನಷ್ಟು ಬಾಗಿದರು. "ದನಿ ಗಟ್ಟಿ ಇತ್ತೋ ಇಲ್ಲೋ, ಅದನ್ನ ಹೇಳು."